ಇನ್ನೂರ ಹದಿನೇಳನೆಯ ಚೌಕ

ಮಾರ್ಚ್ 3, ಸೋಮವಾರ. ಸಂಜೆ 6.40

ಇವತ್ತೂ ಅದೇ ಕೆಂಪಕ್ಷರ. ಈ ಫೋಲ್ಡರಿನಲ್ಲಿ ಬರೆಯಲು ಅನುಮತಿ ಇಲ್ಲವಂತೆ. ಯಾರ ಅನುಮತಿ ಬೇಕು? ಫೋಲ್ಡರ್ ನನ್ನದು. ಫೋಟೋ ನನ್ನವು. ಸರಿ, ಪೂರ್ತಿ ನನ್ನವಲ್ಲ. ಆದರೂ...

ಟೀ ಆರಿ ಕೆನೆ ಕಟ್ಟಿದೆ. ಹಗಲೆಲ್ಲ ಲ್ಯಾಬಿನಲ್ಲಿ ಊರವರ ರಕ್ತ, ಸಕ್ಕರೆ, ಕೊಬ್ಬು ಟೈಪ್ ಮಾಡಿ ಮನೆಗೆ ಬಂದರೆ ಇಲ್ಲೂ ಪರದೆ. ಕಣ್ಣು ಉರಿ.

ಫೋಟೋಗಳನ್ನು ವೆಬ್‌ಸೈಟಿನಲ್ಲಿ ಆಲ್ಬಮ್ ಮಾಡಿ ತೋರಿಸುವ ಈ ಸ್ಕ್ರಿಪ್ಟು ಪುಕ್ಕಟೆ. ಇಂಟರ್‌ನೆಟ್ಟಿನಲ್ಲಿ ಹುಡುಕಿ ಇಳಿಸಿಕೊಂಡದ್ದು. ಬರೆದ ಪುಣ್ಯಾತ್ಮ ಯಾವ ದೇಶದವನೋ. ಜೊತೆಗೊಂದು ಚೀಟಿ ಇಟ್ಟಿದ್ದಾನೆ — ಯಾರು ಬೇಕಾದರೂ ಬಳಸಿ, ಐದೇ ನಿಮಿಷದಲ್ಲಿ ನಿಮ್ಮ ಆಲ್ಬಮ್ ಸಿದ್ಧ. ನನಗೆ ಇದು ಒಂಬತ್ತನೇ ದಿನ. ಇಪ್ಪತ್ತಾರು ವರ್ಷ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಕೆಲಸಗಾರರ ಹಾಜರಿ ಬರೆಯುತ್ತ ಕೂತವಳು ನಾನು. ಇಷ್ಟು ಉದ್ದದ ಐದು ನಿಮಿಷ ನೋಡಿಲ್ಲ.

ಮಾರ್ಚ್ 5, ಬುಧವಾರ

ಯಾಕೆ ಶುರು ಮಾಡಿದೆ ಎಂದು ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನನಗೇ ಹುಚ್ಚು ಅನ್ನಿಸುತ್ತದೆ.

ಹೋದ ತಿಂಗಳು ಲ್ಯಾಬಿಗೆ ಒಬ್ಬರು ರಿಪೋರ್ಟ್ ತೆಗೆದುಕೊಳ್ಳಲು ಬಂದರು. ಕಿಟಕಿಯಲ್ಲಿ ಬಗ್ಗಿ ನೋಡಿದರು. “ಟೈಮಕ್ಕ ಅಲ್ವಾ?” ಎಂದರು. ಮೈ ಜುಮ್ಮೆಂದಿತು. ಗಾಜಿನ ಬಾಟ್ಲಿ ಫ್ಯಾಕ್ಟರಿ ಮುಚ್ಚಿ ನಾಲ್ಕು ವರ್ಷ. ನಾಲ್ಕು ವರ್ಷದಿಂದ ಆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಇಲ್ಲಿ ನಾನು ‘ರಿಪೋರ್ಟ್ ಮೇಡಂ’.

ಕುಲುಮೆ ವಿಭಾಗದ ಫರ್ನೇಸ್ ಅಣ್ಣ. ಈಗ ಮೊಮ್ಮಗುವನ್ನು ಶಾಲೆಗೆ ಬಿಡುವುದೇ ಕೆಲಸವಂತೆ. “ಮೂವತ್ತು ವರ್ಷ ಬೆಂಕಿ ಮುಂದೆ ನಿಂತಿದ್ದೆ ಅಂದ್ರೆ ಮೊಮ್ಮಗ ನಂಬಲ್ಲ ಅಕ್ಕ. ತೋರಿಸೋಕೆ ಒಂದು ಫೋಟೋನೂ ಇಲ್ಲ.”

ನನ್ನ ಹತ್ತಿರ ಇದೆ. ಒಂದಲ್ಲ, ನಾನೂರ ಹನ್ನೆರಡು. ಗುರುತಿನ ಚೀಟಿಗೆಂದು ಎಲ್ಲರ ಮುಖ ಹಿಡಿದವಳು ನಾನೇ. ಟೈಮ್ ಆಫೀಸಿನ ಬಾಗಿಲಿಗೆ ಬಿಳಿ ಬಟ್ಟೆ, ಮುಂದೊಂದು ಸ್ಟೂಲು. ಕೊನೆಯ ದಿನ ಎಲ್ಲರೂ ಕುರ್ಚಿ, ಫ್ಯಾನು ಅಂತ ಏನೇನೋ ಹೊತ್ತುಕೊಂಡು ಹೋದರು. ನಾನು ಆ ಫೋಟೋಗಳಿದ್ದ ಒಂದು ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡೆ.

ವಾಟ್ಸಾಪಿನಂಥ ಕಡೆ ಹಾಕಿದರೆ ಫೋಟೋ ಇವತ್ತು ಮೇಲೆ, ನಾಳೆ ಕೆಳಗೆ. ನನಗೆ ಬೇಕಾದದ್ದು ಗೋಡೆ. ನಂಬರ್ ಪ್ರಕಾರ, ಒಬ್ಬರ ಪಕ್ಕ ಒಬ್ಬರು, ಪಂಚಿಂಗ್ ಕಾರ್ಡ್ ಸಾಲಾಗಿ ಇಡುತ್ತಿದ್ದೆನಲ್ಲ, ಹಾಗೆ.

ಮಾರ್ಚ್ 8, ಶನಿವಾರ

ಈ ಸ್ಕ್ರಿಪ್ಟಿಗೆ ಒಂದು ಚರ್ಚಾಕಟ್ಟೆ ಇದೆ. ಕಷ್ಟ ಬಂದವರು ಅಲ್ಲಿ ಕೇಳಬೇಕಂತೆ. ಹೋಗಿ ನೋಡಿದೆ. ಕೊನೆಯ ಮಾತು ಆರು ವರ್ಷದ ಹಿಂದಿನದು. ಜನ ಬಿಟ್ಟುಹೋದ ಕಟ್ಟಡದಲ್ಲಿ ‘ಯಾರಿದ್ದೀರಿ?’ ಎಂದು ಕೂಗಿದ ಹಾಗೆ ನನ್ನ ಪ್ರಶ್ನೆ ಹಾಕಿ ಬಂದೆ.

ಹಳೆಯ ಮಾತುಗಳಲ್ಲಿ ನನ್ನದೇ ತೊಂದರೆಯವನೊಬ್ಬ ಸಿಕ್ಕಿದ. ಮರುದಿನ ಅವನೇ ಬರೆದಿದ್ದಾನೆ: ‘ಸರಿಹೋಯಿತು, ಎಲ್ಲರಿಗೂ ಧನ್ಯವಾದ.’ ಹೇಗೆ ಸರಿಹೋಯಿತು ಮಹರಾಯ?

ಮಾರ್ಚ್ 9, ಭಾನುವಾರ

ತಂಗಿಯ ಫೋನು. ಭಾನುವಾರ ಹತ್ತೂವರೆಗೆ ತಪ್ಪದೆ ಬರುತ್ತದೆ, ತಪ್ಪದೆ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ.

“ಏನ್ ಮಾಡ್ತಿದೀಯೇ ಅಕ್ಕ?”

“ಫೋಟೋ ಆಲ್ಬಮ್.”

“ಯಾರ ಮದುವೇದು?”

“ಮದುವೇದಲ್ಲ. ಫ್ಯಾಕ್ಟರೀದು.”

“ಅಯ್ಯೋ, ಮುಚ್ಚಿದ ಫ್ಯಾಕ್ಟರಿಗೆ ಆಲ್ಬಮ್ಮಾ! ಸ್ವಲ್ಪ ಹೊರಗೆ ಹೋಗಿ ನಾಲ್ಕು ಜನರ ಜೊತೆ ಮಾತಾಡೇ. ಸರಿ, ಕುಕ್ಕರ್ ಕೂಗ್ತು, ಇಡ್ತೀನಿ.”

ನಾಲ್ಕು ಜನ. ನಾನೂರು ಜನರನ್ನು ತೋರಿಸುವವಳಿದ್ದೆ.

ಮಧ್ಯಾಹ್ನ 3. ಬಂತು! ಚರ್ಚಾಕಟ್ಟೆಯ ಹಳೆಯ ಮಾತುಗಳಲ್ಲೇ ಸಿಕ್ಕಿತು: ಫೋಲ್ಡರಿನ ಅನುಮತಿಗೂ ಒಂದು ನಂಬರ್ ಇರುತ್ತದಂತೆ, 755. ಹೊಡೆದೆ. ಕೆಂಪಕ್ಷರ ಮಾಯ. ಪರದೆಯ ಎಡಮೂಲೆಯಲ್ಲಿ ಪುಟ್ಟ ಚೌಕ, ಅದರೊಳಗೆ ಫರ್ನೇಸ್ ಅಣ್ಣ, ಮೀಸೆ ಸಮೇತ. ಎದ್ದು ಇಡೀ ಕೋಣೆ ಒಂದು ಸುತ್ತು ಬಂದೆ. ಹೇಳೋಣವೆಂದರೆ ಯಾರಿದ್ದಾರೆ? ಗೋಡೆಗೆ ಹೇಳಿದೆ.

ಮಾರ್ಚ್ 21, ಶುಕ್ರವಾರ

ದಿನಕ್ಕೆ ಮೂವತ್ತು, ನಲವತ್ತರ ಹಾಗೆ ಹಾಕಿ ಇವತ್ತು ಮುಗಿಯಿತು. ಹೆಸರು ಹಾಕಿಲ್ಲ. ನಂಬರ್, ವಿಭಾಗ, ಅಷ್ಟೇ. ಎಷ್ಟು ಜನ ಆ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಾರೆ! “ಉಸಿರಾಡಿ, ಎಕ್ಸ್-ರೇ ಅಲ್ಲ” ಎಂದು ನಾನು ಹೇಳುತ್ತಿದ್ದುದು ನೆನಪಾಯಿತು.

ಪುಟದ ಕೆಳಗೆ ನೋಡಿದವರ ಲೆಕ್ಕ ತೋರಿಸುತ್ತದೆ. 6. ಆರೂ ನಾನೇ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ

ನಿನ್ನೆ ಫರ್ನೇಸ್ ಅಣ್ಣನಿಗೆ ಲಿಂಕ್ ಕಳಿಸಿದೆ. ಅವರು ಹಳೆಯ ಕೆಲಸಗಾರರ ವಾಟ್ಸಾಪ್ ಗುಂಪಿಗೆ ಎಸೆದಿದ್ದಾರೆ. ಈಗ 188.

ಫೋಟೋಗಳ ಕೆಳಗೆ ಬರೆಯಲು ಜಾಗ ಇದೆ. ಬರೆದದ್ದು ಮೊದಲು ನನಗೆ ಬರುತ್ತದೆ, ನಾನು ‘ಒಪ್ಪಿಗೆ’ ಒತ್ತಿದರೆ ಊರಿಗೆ ಕಾಣುತ್ತದೆ. ಲ್ಯಾಬಿಗೆ ಹೊರಡುವ ಮುಂಚೆ ಇಪ್ಪತ್ತೆರಡು ಒತ್ತಿದೆ. ‘ಮಿಲಿಟರಿ, ಆಗ ನಿನಗೆ ಕೂದಲಿತ್ತಲ್ಲೋ!’ ‘ಟೈಮಕ್ಕನ ಬೈಗುಳ ಕೇಳದೆ ಬೆಳಗೇ ಆಗ್ತಾ ಇರಲಿಲ್ಲ.’ ‘ಇವನು ಹೋದ ವರ್ಷ ತೀರಿಕೊಂಡ. ಎಷ್ಟು ನಗ್ತಾ ಕೂತಿದ್ದಾನೆ ನೋಡಿ.’

ಬಸ್ಸು ತಪ್ಪಿತು. ಇಪ್ಪತ್ತಾರು ವರ್ಷ ತಡವಾಗಿ ಬಂದವರಿಗೆ ಕೆಂಪು ಗೀಟು ಹಾಕಿದವಳು ಲ್ಯಾಬಿಗೆ ಹತ್ತು ನಿಮಿಷ ತಡ.

ಮಾರ್ಚ್ 28, ಶುಕ್ರವಾರ

ಪ್ಯಾಕಿಂಗ್‌ನಲ್ಲಿದ್ದ ಒಬ್ಬಾಕೆ ಬರೆದಿದ್ದಾರೆ. ‘ಯಾರನ್ನು ಕೇಳಿ ನನ್ನ ಫೋಟೋ ಹಾಕಿದಿರಿ?’

ಕೆನ್ನೆಗೆ ಹೊಡೆದ ಹಾಗಾಯಿತು. ನಿಜ. ಯಾರನ್ನೂ ಕೇಳಲಿಲ್ಲ. ಗುರುತಿನ ಚೀಟಿಗೆಂದು ಮುಖ ಕೊಟ್ಟರು, ಗೋಡೆಗೆಂದು ಕೊಡಲಿಲ್ಲ. ಕ್ಷಮೆ ಕೇಳಿ ತಕ್ಷಣ ತೆಗೆದೆ. ಫೋಟೋ ತೆಗೆದರೆ ಅದರ ಕೆಳಗಿನ ಮಾತುಗಳೂ ಅಳಿಸಿಹೋಗುತ್ತವೆ ಎಂದು ಆಮೇಲೆ ಗೊತ್ತಾಯಿತು. ಇಬ್ಬರು ಗೆಳತಿಯರು ಆಕೆಗೆ ಬರೆದದ್ದೂ ಹೋಯಿತು.

ಮುಖಪುಟದಲ್ಲಿ ಒಂದು ಸಾಲು ಸೇರಿಸಿದೆ: ಬೇಡವೆಂದವರು ತಿಳಿಸಿ, ಅದೇ ದಿನ ತೆಗೆಯುತ್ತೇನೆ.

ಏಪ್ರಿಲ್ 2, ಬುಧವಾರ

ನಂಬರ್ 217ರ ಕೆಳಗೆ:

‘ಇವರು ನನ್ನ ಅಪ್ಪ. ಫ್ಯಾಕ್ಟರಿ ಮುಚ್ಚಿ ಮೂರು ತಿಂಗಳಿಗೆ ಮನೆ ಬಿಟ್ಟು ಹೋದರು. ಎಲ್ಲಿದ್ದಾರೆ ಗೊತ್ತಿಲ್ಲ. ಪಕ್ಕದ ಮನೆಯವರು ಈ ಲಿಂಕ್ ತೋರಿಸಿದರು. ನಮ್ಮ ಹತ್ತಿರ ಅಪ್ಪನ ಒಂದು ಫೋಟೋನೂ ಇಲ್ಲ. ದೊಡ್ಡದಿದ್ದರೆ ಕೊಡ್ತೀರಾ?’

217. ಅಚ್ಚು ವಿಭಾಗದ ಫಿಟ್ಟರ್. ಆ ಗದ್ದಲದಲ್ಲಿ ನಾವೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದರೆ ಈ ಮನುಷ್ಯ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಹುಡುಗರು ‘ಸೈಲೆನ್ಸರ್’ ಎಂದು ಹೆಸರಿಟ್ಟಿದ್ದರು. ಮನೆ ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಯಾರ ಸುದ್ದಿ ತಾನೇ ಗೊತ್ತಿದೆ ನನಗೆ.

ಮಗಳು ನನಗೆಂದು ಬೇರೆಯಾಗಿ ಕೊಟ್ಟಿದ್ದ ಫೋನ್ ನಂಬರಿಗೆ ದೊಡ್ಡ ಪ್ರತಿ ಕಳಿಸಿದೆ. ‘ನಿಮ್ಮನ್ನು ಒಮ್ಮೆ ನೋಡಬೇಕು ಆಂಟಿ’ ಎಂದಳು.

ಏಪ್ರಿಲ್ 6, ಭಾನುವಾರ

ಬಂದಳು. ಇಪ್ಪತ್ತೆರಡು ವರ್ಷ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅದೇ ಮೆಲುದನಿ. ಎರಡು ಸಲ “ಆಂ?” ಎಂದೆ, ಮೂರನೇ ಸಲ ನನ್ನ ಕುರ್ಚಿಯನ್ನೇ ಹತ್ತಿರ ಎಳೆದುಕೊಂಡೆ.

“ಅಮ್ಮ ಎಲ್ಲ ಫೋಟೋ ಹರಿದುಹಾಕಿದ್ರು ಆಂಟಿ. ಸತ್ತಿದ್ರೆ ಗೋಡೆಗೆ ಹಾಕ್ತಿದ್ದೆ, ಬಿಟ್ಟುಹೋದೋರ ಫೋಟೋ ಎಲ್ಲಿ ಇಡ್ಲಿ ಅಂತಾರೆ. ಮನೇಲಿ ಹೆಸರು ಎತ್ತೋ ಹಾಗಿಲ್ಲ.”

ಅದಕ್ಕೇ ಇಲ್ಲಿ ಬರೆಯಬಹುದೇ ಎಂದು ಕೇಳಿದಳು. ಫೋಟೋದ ಕೆಳಗೆ, ಆಗಾಗ. “ಅಪ್ಪ ಓದ್ತಾರೆ ಅಂತಲ್ಲ. ನಂಗೆ ಹೇಳ್ಕೊಳೋಕೆ ಒಂದು ಜಾಗ.”

ಎಷ್ಟು ಬೇಕಾದರೂ ಬರೆ ಎಂದೆ.

ಅವಳು ಹೋದ ಮೇಲೆ ಎರಡು ಲೋಟ ತೊಳೆದೆ. ಬಹಳ ದಿನವಾಗಿತ್ತು ಎರಡು ಲೋಟ ತೊಳೆದು.

ಏಪ್ರಿಲ್ 13, ಭಾನುವಾರ

ಮತ್ತೆ ಬಂದಳು. ನನ್ನ ಕನ್ನಡಕ ಸೊಟ್ಟಗಿದೆಯಂತೆ, ನೋಡಿದ ದಿನದಿಂದ ಅವಳ ಕೈ ಕಡಿಯುತ್ತಿತ್ತಂತೆ. ಪರ್ಸಿನಿಂದ ಸೂಜಿಯಂಥ ಸ್ಕ್ರೂಡ್ರೈವರ್ ತೆಗೆದು ಬಿಗಿದು ಕೊಟ್ಟಳು. ಮೂಗಿನ ಮೇಲೆ ತಾನೇ ಕೂರಿಸಿ, ತಲೆ ಓರೆ ಮಾಡಿ ನೋಡಿ, “ಈಗ ಸರಿ” ಎಂದಳು.

ಯಾರಾದರೂ ನನ್ನ ಮುಖ ಮುಟ್ಟಿ ಎಷ್ಟು ಕಾಲವಾಯಿತೋ. ಅವಳು ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ತಂಗಿಯ ಫೋನ್ ಎತ್ತಲು ಮರೆತೆ. ಅವಳೇನೂ ಮತ್ತೆ ಮಾಡಲಿಲ್ಲ.

ಏಪ್ರಿಲ್ 16, ಬುಧವಾರ

217ರ ಕೆಳಗೆ ಇವತ್ತಿನದು: ‘ಅಪ್ಪ, ನನ್ನನ್ನು ಲೆನ್ಸ್ ಉಜ್ಜುವ ಕೆಲಸಕ್ಕೆ ಹಾಕಿದ್ದಾರೆ. ಗಾಜಿನ ಪುಡಿ ಕೈಗೆ ಅಂಟುತ್ತೆ. ನಿನ್ನ ಕೈ ವಾಸನೆ ಬರುತ್ತೆ.’

ಒಪ್ಪಿಗೆ ಒತ್ತಿದೆ. ಓದಿ, ಸ್ವಲ್ಪ ತಡವಾಗಿ.

ಏಪ್ರಿಲ್ 20, ಭಾನುವಾರ

ಇವತ್ತು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ.

“ಫ್ಯಾಕ್ಟರಿ ಮುಚ್ಚಿದ್ದನ್ನ ಅಪ್ಪ ನಮಗೆ ಹೇಳೇ ಇರ್ಲಿಲ್ಲ ಆಂಟಿ. ದಿನಾ ಡಬ್ಬಿ ತಗೊಂಡು ಹೊರಡೋರು, ಸಂಜೆ ಬರೋರು. ಒಂದಿನ ಕಾಲೇಜಿಂದ ಬೇಗ ಬಿಟ್ರು. ಬಸ್ ಡಿಪೋ ಹತ್ರ ಬೆಂಚ್ ಮೇಲೆ ಅಪ್ಪ. ತೊಡೆ ಮೇಲೆ ಡಬ್ಬಿ ಬಿಚ್ಕೊಂಡು ಊಟ ಮಾಡ್ತಾ ಇದ್ರು. ನನ್ನ ನೋಡಿದ್ರು. ನಾನು ಮುಖ ತಿರುಗಿಸ್ಕೊಂಡು ಹೋದೆ. ನೋಡೇ ಇಲ್ಲ ಅನ್ನೋ ಥರ. ಅಪ್ಪಂಗೆ ನಾಚಿಕೆ ಆಗ್ಬಾರ್ದು ಅಂತ, ಅಷ್ಟೇ ಆಂಟಿ. ಅವತ್ತು ಮನೆಗೆ ಬರ್ಲಿಲ್ಲ. ಹೋಗಿ ಪಕ್ಕದಲ್ಲಿ ಕೂತ್ಕೊಂಡಿದ್ರೆ...”

ಅಮ್ಮನಿಗೂ ಇದನ್ನು ಹೇಳಿಲ್ಲವಂತೆ. ಹದಿನೆಂಟರ ಹುಡುಗಿ ನಾಲ್ಕು ವರ್ಷ ಒಬ್ಬಳೇ ಹೊತ್ತಿದ್ದಾಳೆ.

ಬೆನ್ನು ಸವರಿದೆ. ಅಳುತ್ತಲೇ ಇದ್ದಳು. ಬಿಸ್ಕತ್ತು ತಿನ್ನು ಎಂದೆ. ಎಂಥ ಹೆಂಗಸು ನಾನು.

ಏಪ್ರಿಲ್ 27, ಭಾನುವಾರ

ಸ್ಕ್ರಿಪ್ಟಿನ ಹಿಂಬದಿಯಲ್ಲಿ ಒಂದು ಪಟ್ಟಿ ಇದೆ. ಯಾವ ಫೋಟೋ ಯಾವ ಹೊತ್ತಿಗೆ ತೆರೆದರು ಎಂದು ಬರೆದಿಡುತ್ತದೆ. ಮೊದಲಿನ ಸಂಭ್ರಮ ಇಳಿದಿದೆ. ಈಗ ದಿನಕ್ಕೆ ಐದಾರು ಜನ. ಆದರೆ 217 ಮಾತ್ರ ದಿನವೂ. ಮಧ್ಯಾಹ್ನ ಒಂದು ಹತ್ತು, ಒಂದು ಹನ್ನೆರಡು. ಭಾನುವಾರ ಇಲ್ಲ.

“ಊಟದ ಹೊತ್ತಿಗೆ ದಿನಾ ಅಪ್ಪನ್ನ ನೋಡ್ತೀಯಲ್ಲ” ಎಂದೆ ಅವಳಿಗೆ, ನಗುತ್ತ.

“ನಾನಾ? ಇಲ್ವಲ್ಲ ಆಂಟಿ. ಅಂಗಡೀಲಿ ಫೋನ್ ಮುಟ್ಟೋ ಹಾಗಿಲ್ಲ. ಓನರ್ ಡ್ರಾಯರ್‌ಗೆ ಹಾಕಿ ಬೀಗ ಹಾಕ್ತಾರೆ. ನಾನು ನೋಡೋದು ಬೆಳಿಗ್ಗೆ.”

ಹಳೆಯ ದೋಸ್ತರು ಯಾರಾದರೂ ಇರಬೇಕು ಎಂದೆ. ಇರಬೇಕು ಎಂದಳು.

ಏಪ್ರಿಲ್ 29, ಮಂಗಳವಾರ

ಇ-ಮೇಲ್. ಕಳಿಸಿದವರ ಹೆಸರಿಲ್ಲ.

‘ಮೇಡಂ, ನಂ. 217 ತೆಗೆದುಬಿಡಿ. ಬೇಡ ಅಂದವರು ತಿಳಿಸಿ ಅಂತ ಬರೆದಿದ್ದೀರಿ. ಇಲ್ಲಿ ಒಬ್ಬರು ನೋಡಿ, ಇದು ನೀನಾ ಅಂತ ಕೇಳಿದರು. ಆದರೆ ಕೆಳಗೆ ಅವಳು ಬರೆದದ್ದು ಇರಲಿ. ಅದನ್ನು ತೆಗೆಯಬೇಡಿ. ದಿನಾ ಓದುತ್ತೇನೆ. ಪಾಳಿಗೆ ತಡವಾದಾಗ ಎಷ್ಟೋ ಸಲ ನೀವು ಗೀಟು ಹಾಕದೆ ಬಿಟ್ಟಿದ್ದೀರಿ. ಅದೇ ದಯೆ ಇರಲಿ.’

ಬದುಕಿದ್ದಾರೆ.

ಈ ಸ್ಕ್ರಿಪ್ಟಿಗೆ ಅವರು ಕೇಳಿದ್ದು ಮಾಡಲು ಬರುವುದಿಲ್ಲ. ಫೋಟೋ ತೆಗೆದರೆ ಮಾತೂ ಹೋಗುತ್ತದೆ.

ಉತ್ತರ ಬರೆದೆ: ಸ್ವಲ್ಪ ಸಮಯ ಕೊಡಿ. ನನ್ನ ಫೋನ್ ನಂಬರ್ ಇದು.

ಅವಳಿಗೆ ಹೇಳಬೇಕು. ನಾಳೆ.

ಮೇ 4, ಭಾನುವಾರ

ಹೇಳಲಿಲ್ಲ.

ಬಂದಳು. ಟೀ ಕುಡಿದಳು. ಓನರ್ ನಡೆಯುವುದನ್ನು ಅಣಕಿಸಿ ತೋರಿಸಿದಳು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾಲಿಗೆಯ ತುದಿಯಲ್ಲೇ ಇತ್ತು ಮಾತು. ನುಂಗಿದೆ.

ಅವರು ಬೇಡ ಎಂದಾರು, ಅವರ ಗುಟ್ಟು, ನಾನು ಯಾರು ಬಿಚ್ಚಲು — ಹೀಗೆಲ್ಲ ವಾರವಿಡೀ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬರೆದೇಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ಅಪ್ಪ ಸಿಕ್ಕರೆ ಈ ಹುಡುಗಿ ಇಲ್ಲಿಗೆ ಯಾಕೆ ಬರಬೇಕು? ಭಾನುವಾರ ಮತ್ತೆ ಒಂದು ಲೋಟ.

ಬರೆದ ಮೇಲೆ ಇನ್ನೂ ಕೆಟ್ಟದಾಗಿ ಕಾಣುತ್ತಿದೆ. ಹೊಡೆದುಹಾಕುವುದಿಲ್ಲ.

ಮೇ 7, ಬುಧವಾರ. ಮಧ್ಯಾಹ್ನ 1.40

ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಈಗ ಫೋನ್ ಬಂದಿತ್ತು.

“ಟೈಮಕ್ಕ... ನಾನು.”

ಹೆಸರು ಹೇಳುವ ಅಗತ್ಯವಿರಲಿಲ್ಲ. ಹಿಂದೆ ಯಾವುದೋ ಯಂತ್ರದ ಸದ್ದು. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಎಲ್ಲಿದೀರಿ?”

“ದೂರ. ಪೈಪ್ ಫ್ಯಾಕ್ಟರೀಲಿ. ಸ್ಟೋರ್ಸ್ ನೋಡ್ಕೋತೀನಿ.”

“ಹುಷಾರಾಗಿದೀರಾ?”

“ಇದೀನಿ. ಫೋಟೋ ಇನ್ನೂ ತೆಗೆದಿಲ್ಲ ನೀವು.”

“ತೆಗೆದ್ರೆ ಅವಳು ಬರೆದಿದ್ದೂ ಹೋಗುತ್ತೆ. ಅದಕ್ಕೇ ದಾರಿ ಹುಡುಕ್ತಿದೀನಿ. ಭಾನುವಾರ ಭಾನುವಾರ ಬರ್ತಾಳೆ ನಮ್ಮನೆಗೆ.”

“ತೆಳ್ಳಗಾಗಿದಾಳಾ?”

“ನೀವೇ ಬಂದು ನೋಡಿ.”

“ಯಾವ ಮುಖ ಇಟ್ಕೊಂಡು ಅಕ್ಕ? ಡಿಪೋ ಹತ್ರ ನನ್ನ ನೋಡಿದ್ಲು. ಮುಖ ತಿರುಗಿಸ್ಕೊಂಡು ಹೋದ್ಲು. ತಪ್ಪೇನಿಲ್ಲ. ಕೆಲಸ ಇಲ್ದೆ ಬೆಂಚ್ ಮೇಲೆ ಡಬ್ಬಿ ಬಿಚ್ಕೊಂಡು ಕೂತೋನ್ನ ಯಾವ ಮಗಳು ಅಪ್ಪ ಅಂತಾಳೆ? ಅವತ್ತೇ ಅನ್ಕೊಂಡೆ, ನಾನಿಲ್ದಿದ್ರೇನೇ ಅವರಿಗೆ ಮರ್ಯಾದೆ ಅಂತ.”

ಆಗ ಹೇಳಿದೆ. ಬೇರೆ ದಾರಿ ಇರಲಿಲ್ಲ. “ನಿಮಗೆ ನಾಚಿಕೆ ಆಗ್ಬಾರ್ದು ಅಂತ ತಿರುಗಿಸ್ಕೊಂಡಿದ್ದಂತೆ. ನನ್ನ ಮುಂದೆ ಕೂತ್ಕೊಂಡು ಅತ್ತಿದಾಳೆ. ಪಕ್ಕದಲ್ಲಿ ಹೋಗಿ ಕೂತ್ಕೊಂಡಿದ್ರೆ ಅಪ್ಪ ಮನೆಗೆ ಬರ್ತಿದ್ರು ಅಂತ ನಾಲ್ಕು ವರ್ಷದಿಂದ ಅದನ್ನೇ ಹೇಳ್ಕೋತಿದಾಳೆ.”

ಲೈನ್ ಕಡಿಯಿತೇ ಎಂದು ಫೋನ್ ನೋಡಿದೆ. ಇಲ್ಲ, ಸೆಕೆಂಡುಗಳು ಓಡುತ್ತಿದ್ದವು. ಉಸಿರು ಎಳೆದುಕೊಂಡ ಸದ್ದು. ಒಂದು ಸೈರನ್.

“ಹೋಗ್ಬೇಕು” ಎಂದರು.

“ಅವಳಿಗೆ ಹೇಳ್ಲಾ? ಎಲ್ಲಿದೀರಿ ಅಂತ ಹೇಳಲ್ಲ. ಇದೀರಿ ಅಂತ ಅಷ್ಟೇ.”

“ಫೋಟೋ ತೆಗೀರಿ ಅಕ್ಕ” ಎಂದರು. ಹೂಂ ಎನ್ನಲಿಲ್ಲ. ಉಹೂಂ ಎನ್ನಲೂ ಇಲ್ಲ.

ಮೇ 8, ಗುರುವಾರ

ಅರ್ಧ ದಿನ ರಜೆ ಹಾಕಿ ಕನ್ನಡಕದ ಅಂಗಡಿಗೆ ಹೋದೆ. ಅವಳು ಗಾಜಿನ ಬೀರುವಿನ ಹಿಂದೆ ನಿಂತು ಮೆತ್ತನೆ ಬಟ್ಟೆಯಲ್ಲಿ ಲೆನ್ಸ್ ಒರೆಸುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. “ಮತ್ತೆ ಸೊಟ್ಟ ಆಯ್ತಾ ಆಂಟಿ?”

“ಅಪ್ಪ ಬದುಕಿದಾರೆ” ಎಂದೆ. ಪೀಠಿಕೆ ಹಾಕಲು ನನಗೆ ಬರುವುದಿಲ್ಲ.

ಒರೆಸುತ್ತಲೇ ಇದ್ದಳು. ಅದೇ ಲೆನ್ಸು, ಅದೇ ಜಾಗ. ಎಲ್ಲ ಹೇಳಿದೆ. ಮಧ್ಯಾಹ್ನ ಓದುವುದು ಅವರೇ ಎಂದೆ. ಡಿಪೋದ ಮಾತನ್ನು ಅವರಿಗೆ ಹೇಳಿದ್ದನ್ನೂ ಹೇಳಿದೆ.

“ಯಾವಾಗಿಂದ ಗೊತ್ತು ನಿಮಗೆ?”

“ಒಂಬತ್ತು ದಿನ.”

ಲೆಕ್ಕ ಹಾಕಿದಳು. ತುಟಿ ಅಲುಗಿದ್ದು ಕಂಡಿತು. “ಮಧ್ಯೆ ಭಾನುವಾರ ಬಂದಿದ್ನಲ್ಲ. ಟೀ ಕುಡಿದ್ನಲ್ಲ ಆಂಟಿ. ನಗಿಸ್ತಾ ಇದ್ನಲ್ಲ ನಿಮ್ಮನ್ನ.”

ಸೊಟ್ಟಗಿಲ್ಲದ ಕನ್ನಡಕವನ್ನೇ ಮತ್ತೆ ಸರಿಮಾಡಿಕೊಂಡೆ.

“ನಂದು ಅಂತ ಇದ್ದಿದ್ದು ಅದೊಂದೇ ಮಾತು. ಅದನ್ನೂ ನಿಮ್ಮ ಬಾಯಲ್ಲಿ ಹೇಳಿಬಿಟ್ರಿ” ಎಂದಳು. ಗಿರಾಕಿ ಬಂದರು. ಅವಳು ಆ ಕಡೆ ತಿರುಗಿದಳು.

ಮೇ 11, ಭಾನುವಾರ

ಬರಲಿಲ್ಲ. ಬರುತ್ತಾಳೆಂದು ನಾನೂ ತಿಳಿದಿರಲಿಲ್ಲ. ಆದರೂ ಹಾಲು ಹೆಚ್ಚು ತಂದಿದ್ದೆ.

ಮೇ 14, ಬುಧವಾರ

217ರ ಕೆಳಗಿದ್ದ ಮಾತುಗಳನ್ನೆಲ್ಲ ಬೇರೆ ಕಡೆ ಇಳಿಸಿಕೊಂಡೆ. ಹದಿನಾಲ್ಕು ಇದ್ದವು. ಫೋಟೋ ಅಳಿಸಿದೆ. ಆ ಜಾಗಕ್ಕೆ ಬರೀ ಬೂದುಬಣ್ಣದ ಒಂದು ಚೌಕ ಮಾಡಿ, ಅದೇ ನಂಬರ್ ಕೊಟ್ಟು ಹಾಕಿದೆ. ಅದರ ಕೆಳಗೆ ಅವಳ ಮಾತುಗಳನ್ನು ಒಂದೊಂದಾಗಿ, ಅವಳು ಬರೆದ ತಾರೀಖು ಸಮೇತ ಮತ್ತೆ ಟೈಪ್ ಮಾಡಿದೆ. ಅಕ್ಷರ ತಪ್ಪಿದ್ದ ಕಡೆ ತಪ್ಪನ್ನೇ ಬಿಟ್ಟೆ.

ನಾನೂರು ಮುಖಗಳ ನಡುವೆ ಒಂದು ಬೂದು ಚೌಕ. ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಇಬ್ಬರಿಗೂ ತಿಳಿಸಿದೆ. ಯಾರೂ ಉತ್ತರಿಸಲಿಲ್ಲ. ಪಟ್ಟಿಯಲ್ಲಿ ಮಾತ್ರ — ಒಂದು ಹತ್ತು, 217.

ಮೇ 19, ಸೋಮವಾರ. ಮಧ್ಯಾಹ್ನ 1.30

ಒಪ್ಪಿಗೆಗೆ ಕಾದಿರುವ ಮಾತು: ಒಂದು.

‘ಗಾಜಿನ ಪುಡಿ ಸೋಪಿಗೆ ಹೋಗಲ್ಲ ಮಗಳೇ. ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ನೀರು. ಕಣ್ಣು ಉಜ್ಜಬೇಡ.’

ಲ್ಯಾಬಿನಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ರಿಪೋರ್ಟಿನಲ್ಲಿ ಯಾರದ್ದಾದರೂ ಕೆಟ್ಟ ಸುದ್ದಿ ಇರಬೇಕು ಎಂದುಕೊಂಡು ನರ್ಸಮ್ಮ ನೀರು ತಂದುಕೊಟ್ಟರು.

ಒಪ್ಪಿಗೆ.

ಮೇ 20, ಮಂಗಳವಾರ

ಬೆಳಿಗ್ಗೆ 7.15ಕ್ಕೆ ಅವಳದು: ‘ಊಟ ಸರಿಯಾಗಿ ಮಾಡ್ತೀಯಾ ಅಪ್ಪ?’

ಮಧ್ಯಾಹ್ನ 1.10ಕ್ಕೆ ಅವರದು: ‘ಮಾಡ್ತೀನಿ. ನೀನು?’

ಬೇಗ ಬೇಗ ಒಪ್ಪಿಗೆ ಒತ್ತುತ್ತಿದ್ದೇನೆ. ನನ್ನಿಂದ ಒಂದು ನಿಮಿಷವೂ ತಡವಾಗಬಾರದು.

ಜೂನ್ 1, ಭಾನುವಾರ

ಹನ್ನೆರಡು ದಿನದಲ್ಲಿ ಮೂವತ್ತೊಂದು ಮಾತು. ದೊಡ್ಡದೇನಿಲ್ಲ. ಚಪ್ಪಲಿ ಕಿತ್ತುಹೋದದ್ದು, ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಅವರ ರೂಮಿನ ಕಿಟಕಿಗೆ ದಿನಾ ಒಂದು ಬೆಕ್ಕು ಬರುವುದು. ಮನೆ ಬಿಟ್ಟದ್ದರ ಮಾತು ಇಬ್ಬರೂ ಎತ್ತಿಲ್ಲ. ಅಮ್ಮನ ಮಾತೂ ಇಲ್ಲ.

ನನ್ನ ಬಗ್ಗೆಯೂ ಇಲ್ಲ. ಯಾಕಿರಬೇಕು.

ಭಾನುವಾರವಾದರೂ ಇವತ್ತು ಅವರು ಬರೆದಿದ್ದರು, ತಮ್ಮ ಫೋನ್ ನಂಬರ್ ಸಮೇತ. ಒಪ್ಪಿಗೆ ಒತ್ತಿದರೆ ಲೋಕಕ್ಕೆಲ್ಲ ಕಾಣುತ್ತದೆ. ಮೊದಲು ಕೇಳದೆ ಮುಖ ಹಾಕಿದ್ದೇ ಸಾಕು. ನಂಬರನ್ನು ಅವಳ ಫೋನಿಗೆ ಮಾತ್ರ ಕಳಿಸಿದೆ. ‘ಅಪ್ಪ ಕೊಟ್ಟದ್ದು’ ಎಂದಷ್ಟೇ ಬರೆದೆ. ನೀಲಿ ಗೀಟು ಬಿತ್ತು. ಓದಿದಳು.

ಇನ್ನು ಅವರಿಗೆ ಈ ಗೋಡೆ ಬೇಡ. ಗೊತ್ತಿದ್ದೇ ಕಳಿಸಿದೆ.

ಜೂನ್ 12, ಗುರುವಾರ

ಒಪ್ಪಿಗೆಗೆ ಕಾದಿರುವ ಮಾತು: ಇಲ್ಲ.

ಒಂದು ಹತ್ತಕ್ಕೆ ಯಾರೂ 217 ತೆರೆಯುವುದಿಲ್ಲ. ಇವತ್ತು ಇಡೀ ಆಲ್ಬಮ್ ನೋಡಿದವರು ಒಬ್ಬರು.

ನಾನೇ.

ಜೂನ್ 15, ಭಾನುವಾರ

ತಂಗಿ: “ಏನಾಯ್ತೇ ನಿನ್ನ ಆಲ್ಬಮ್ಮು?”

“ಮುಗೀತು.”

“ಒಳ್ಳೇದಾಯ್ತು. ಇನ್ನಾದ್ರೂ ಆರಾಮಾಗಿರು.”

ನಾಲ್ಕು ನಿಮಿಷವೂ ಆಗಲಿಲ್ಲ. ಮಧ್ಯಾಹ್ನ ಮಲಗಿದೆ. ಎದ್ದಾಗ ಯಾವ ಹೊತ್ತೆಂದು ತಿಳಿಯಲಿಲ್ಲ. ಟೈಮಕ್ಕನಿಗೆ!

ಜೂನ್ 20, ಶುಕ್ರವಾರ. ಸಂಜೆ

ಅವಳ ಫೋನು.

“ಆಂಟಿ, ಭಾನುವಾರ ಅಪ್ಪನ್ನ ನೋಡೋಕೆ ಹೋಗ್ತಿದೀನಿ. ನಡುದಾರೀಲಿ ಒಂದು ಊರು. ಬಸ್ ಸ್ಟ್ಯಾಂಡಲ್ಲಿ, ಹನ್ನೊಂದಕ್ಕೆ. ಅವರಿಗೂ ಮೂರು ಗಂಟೆ ದಾರಿ, ನನಗೂ ಅಷ್ಟೇ.”

“ಒಳ್ಳೇದಾಯ್ತು ಮಗಳೇ” ಎಂದೆ.

“ಅಮ್ಮಂಗೆ ಹೇಳಿಲ್ಲ. ಒಬ್ಳೇ ಹೋಗೋಕೆ ಆಗ್ತಿಲ್ಲ. ನೀವು ಬರ್ತೀರಾ?”

“ನಾನಾ?”

“ಕೋಪ ಹೋಗಿಲ್ಲ ನಂಗೆ. ಆದ್ರೂ ಬನ್ನಿ.”

ಯಾವ ಸೀರೆ ಉಡಬೇಕೆಂದು ಕಪಾಟು ತೆರೆದು ನಿಂತಿದ್ದೇನೆ. ಮದುವೆಗೆ ಹೊರಟವಳ ಹಾಗೆ. ಸಾಕು, ಯಾವುದಾದರೂ ಒಂದು.

ಜೂನ್ 22, ಭಾನುವಾರ. 11.20

ಬಸ್ ಸ್ಟ್ಯಾಂಡು. ಸಿಮೆಂಟಿನ ಬೆಂಚು. ಅವಳು ಆ ಕೊನೆಯ ಕಂಬದ ಹತ್ತಿರ ನಿಂತಿದ್ದಾಳೆ. ನಾನು ಈ ಕೊನೆಯಲ್ಲಿ ಅವಳ ಚೀಲ ಕಾಯುತ್ತಿದ್ದೇನೆ. ಮೂರು ಗಂಟೆ ಒಂದೇ ಸೀಟಿನಲ್ಲಿ ಬಂದೆವು, ಹೆಚ್ಚು ಮಾತಾಡಲಿಲ್ಲ. ಅರ್ಧ ದಾರಿಯಲ್ಲಿ ಅವಳಿಗೆ ನಿದ್ದೆ ಬಂತು, ತಲೆ ನನ್ನ ಭುಜಕ್ಕೆ ಬಂತು. ಅಲುಗಾಡದೆ ಕೂತಿದ್ದೆ. ತೋಳು ಈಗಲೂ ಜೋಮು.

ಸುಮ್ಮನೆ ನೋಡುತ್ತ ಕೂರಲು ಆಗದೆ ಬರೆಯುತ್ತಿದ್ದೇನೆ. ಅವರಿಬ್ಬರೂ ಸೇರಿದ್ದು ಕಂಡ ಮೇಲೆ ಎದ್ದು ಹೊರಟುಬಿಡುವುದು ಎಂದುಕೊಂಡಿದ್ದೇನೆ. ವಾಪಸು ಬಸ್ಸು 11.45ಕ್ಕೆ ಇದೆ, ವಿಚಾರಿಸಿದೆ.

11.32. ಎರಡು ಬಸ್ಸು ಬಂದು ಖಾಲಿಯಾದವು. ಅವಳು ಪ್ರತಿ ಸಲವೂ ಹಿಮ್ಮಡಿ ಎತ್ತಿ ನೋಡುತ್ತಾಳೆ.

11.38. ಬಂದರು. ಕೂದಲು ಪೂರ್ತಿ ನರೆತಿದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಇಳಿದವರು ಇಳಿದಲ್ಲೇ ನಿಂತರು, ಹಿಂದಿನವರು ಸುತ್ತಿ ಹೋಗಬೇಕಾಯಿತು. ಅವಳೇ ನಡೆದಳು. ಹತ್ತು ಹೆಜ್ಜೆ ಇರಬಹುದು. ಏನು ಮಾತಾಡುತ್ತಿದ್ದಾರೋ, ಇಬ್ಬರದೂ ಮೆಲುದನಿ. ಇಲ್ಲಿಂದ ತುಟಿಯೂ ಕಾಣುವುದಿಲ್ಲ. ಅವಳು ಅವರ ಅಂಗಿಯ ಕಾಲರ್ ಸರಿಮಾಡಿದಳು. ಅವರು ಚೀಲದ ಬಾಯಿ ಬಿಚ್ಚಿ ಏನನ್ನೋ ತೋರಿಸುತ್ತಿದ್ದಾರೆ.

ಊರಿನ ಬಸ್ಸು ಎಂಜಿನ್ ಹಾಕಿತು. ಎದ್ದೆ. ಅವಳ ಚೀಲ ನನ್ನ ಕೈಯಲ್ಲೇ ಇದೆ. ಕೊಟ್ಟು ಹೋಗಬೇಕೆಂದರೆ ಅಲ್ಲಿಗೇ ಹೋಗಬೇಕು. ಬೆಂಚಿನ ಮೇಲೆ ಬಿಟ್ಟು ಹೋದರೆ ಯಾರಾದರೂ... ಕಂಡಕ್ಟರ್ ಕೂಗುತ್ತಿದ್ದಾನೆ. ಇಬ್ಬರೂ ಈ ಕಡೆ ತಿರುಗಿದ್ದಾರೆ. ಅವಳು ನನ್ನತ್ತ ಬೆರಳು ತೋರಿಸಿ ಏನೋ ಹೇಳಿದಳು. ಅವರು ಕೈ ಎತ್ತಿ ಕರೆಯುತ್ತಿದ್ದಾರೆ. ಬಸ್ಸು ಹೋಗಲಿ, ಬರೆಯುವುದು ಸಾಕು.